ಪಿಪಾಯಿ ಕೋಣೆಯ ಸಿಡಿಮದ್ದು

ಮದುವೆಯಾದ ಹೊಸತರಲ್ಲಿ ಅವನು ನಗಿಸುವ ಮನುಷ್ಯ. ಊಟಕ್ಕೆ ಕೂತರೆ ಮೇಸ್ತ್ರಿಯ ನಡಿಗೆ, ಪಕ್ಕದ ಮನೆಯವರ ಸೀನು ಎಲ್ಲವನ್ನೂ ನಟಿಸಿ ತೋರಿಸಿ ಹೆಂಡತಿಗೆ ತುತ್ತು ನೆತ್ತಿಗೆ ಹತ್ತಿಸುತ್ತಿದ್ದ. ಎರಡು ಬೀದಿ ಆಚೆಗಿದ್ದ ತಮ್ಮನಂತೂ ಅಣ್ಣನ ಮಾತು ಕೇಳಲೆಂದೇ ದಿನಾ ಸಂಜೆ ಬಂದು ಕೂರುತ್ತಿದ್ದ.

ಕೆಲಸ ಕೃತಕ ರೇಷ್ಮೆಯ ಕಾರ್ಖಾನೆಯಲ್ಲಿ. ಸೇರಿದ ದಿನ ಎಂಜಿನಿಯರು ರಟ್ಟಿನಂಥ ಬಿಳಿ ಹಾಳೆಯೊಂದನ್ನು ಎತ್ತಿ ತೋರಿಸಿದ್ದರು. ಮರವನ್ನು ಬೇಯಿಸಿ ಬೇಡದ್ದನ್ನೆಲ್ಲ ತೆಗೆದ ಮೇಲೆ ಉಳಿಯುವ ಸೆಲ್ಯುಲೋಸ್ ಇದು. ಸಕ್ಕರೆಯ ಕಣಗಳು ಸಾವಿರಗಟ್ಟಲೆ ಕೈಕೈ ಹಿಡಿದು ನಿಂತ ಸರಪಳಿ. ಗಿಡಮರ ನೆಟ್ಟಗೆ ನಿಲ್ಲುವುದೇ ಇದರ ಬಲದಿಂದ. ಕಾಗದವೂ ಇದೇ, ಹತ್ತಿಯೂ ಇದೇ ಎಂದು ವಿವರಿಸಿದ್ದರು. ನೀರಿಗೆ ಜಗ್ಗದ ಆ ಹಟಮಾರಿಯನ್ನು ಕರಗುವಂತೆ ಮಾಡುವುದು ಇವನ ಪಾಲಿನ ಕೆಲಸ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಪುಡಿ ಮಾಡಿದ ಹಾಳೆಗಳನ್ನು ಆಳೆತ್ತರದ ಪಿಪಾಯಿಗೆ ತುಂಬಿ, ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ ಬಿಟ್ಟು ತಿರುಗಿಸಬೇಕು. ಒಳಗಿನದು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಮುಚ್ಚಳ ತೆಗೆದು, ತಲೆ ತೂರಿಸಿ, ಕೆರೆದು ತೆಗೆಯಬೇಕು. ಮುಂದಿನ ಕೋಣೆಗಳಲ್ಲಿ ಅದು ಜೇನಿನಂತೆ ಕರಗಿ, ಸೂಜಿಮೊನೆಯಂಥ ತೂತುಗಳಿಂದ ಆಮ್ಲಕ್ಕಿಳಿದು, ಮಿರಮಿರ ಮಿಂಚುವ ನೂಲಾಗುತ್ತಿತ್ತು. ಪಿಪಾಯಿಯಲ್ಲಿ ಕೊಳೆತ ಮೂಲಂಗಿಯ ವಾಸನೆ. ತಿಂಗಳೊಳಗೆ ಮೂಗು ಅದಕ್ಕೂ ಒಗ್ಗಿತು.

ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷಕ್ಕೆ ಸಿಟ್ಟು ಅವನ ಮೂಗಿನ ತುದಿಗೆ ಬಂದು ಕೂತಿತು. ಉಪ್ಪು ಕಡಿಮೆಯಾದರೆ ತಟ್ಟೆ ಗೋಡೆಗೆ. ಪುಟ್ಟ ಮಗಳು ಜೋರಾಗಿ ಅತ್ತರೆ ಅವಳ ಗೊಂಬೆ ಬೀದಿಗೆ. ಜೊತೆಯವರು ಸಿಡಿಮದ್ದು ಎಂದು ಹೆಸರಿಟ್ಟರು. ಅವರೇನೂ ತಣ್ಣಗಿರಲಿಲ್ಲ, ಆ ಕೋಣೆಯಲ್ಲಿ ಯಾರಾದರೂ ಕೈಕೈ ಮಿಲಾಯಿಸದ ವಾರವೇ ಇರಲಿಲ್ಲ. ಅಪ್ಪನ ಗುಣವೇ ಬಂದಿದೆ ಎಂದು ಅವನ ತಾಯಿ ತೀರ್ಮಾನಿಸಿದಳು. ಒಂದು ಸಂಜೆ ತಮ್ಮ ತಮಾಷೆಗೆ, ಅಣ್ಣ ನಗೋದೇ ಮರೆತಿದ್ದಾನೆ ಅಂದ. ಅಷ್ಟಕ್ಕೇ ಇವನು ಕೊರಳಪಟ್ಟಿ ಹಿಡಿದು ಅವನನ್ನು ಆಚೆ ದಬ್ಬಿದ.

"ಇನ್ನು ಈ ಹೊಸಿಲು ತುಳಿದ್ರೆ ಕಾಲು ಮುರೀತೀನಿ."

ತಮ್ಮ ಮತ್ತೆ ತುಳಿಯಲಿಲ್ಲ. ಹನ್ನೊಂದು ವರ್ಷದ ಮೇಲೆ ಆ ತಮ್ಮ ಎದೆನೋವಿನಿಂದ ಸತ್ತಾಗ ಇವನು ಸ್ಮಶಾನದ ಗೇಟಿನ ಹೊರಗೇ ನಿಂತು ವಾಪಸು ಬಂದ.

ನಿವೃತ್ತಿಯಾದ ಮೇಲೆ ಕೈ ನಡುಗತೊಡಗಿತು, ಅಂಗಾಲು ಸದಾ ಜೋಮು. ನರರೋಗದ ಡಾಕ್ಟರಮ್ಮ ಯಾವ ಕೆಲಸದಲ್ಲಿದ್ದಿರಿ ಎಂದು ಕೇಳಿ, ಉತ್ತರ ಬಂದೊಡನೆ ಪೆನ್ನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದರು.

"ಇವ್ರಿಗೆ ಸಿಟ್ಟು ಜಾಸ್ತಿನಾ? ಮೊದ್ಲಿಂದ್ಲೂ ಇತ್ತಾ, ಆಮೇಲೆ ಬಂದಿದ್ದಾ?"

"ಆಮೇಲೆ ಬಂದಿದ್ದು," ಅಂದಳು ಹೆಂಡತಿ.

ಆ ದ್ರವದ ಆವಿ ನರಕ್ಕೂ ಮಿದುಳಿಗೂ ಇಳಿಯುತ್ತದೆ, ಮನುಷ್ಯನ ಸ್ವಭಾವವನ್ನೇ ತಿರುಚಿಬಿಡುತ್ತದೆ, ಇದು ನೂರು ವರ್ಷದಿಂದ ಗೊತ್ತಿರುವ ಸಂಗತಿ ಎಂದರು ಡಾಕ್ಟರಮ್ಮ.

ಅವನಿಗೆ ಕಾರ್ಖಾನೆಯ ಡಾಕ್ಟರು ನೆನಪಾದರು. ವರ್ಷಕ್ಕೊಮ್ಮೆ ಕರೆಸಿ ಅವರು ಕೇಳುತ್ತಿದ್ದದ್ದು ಎರಡೇ ಮಾತು: ನಿದ್ದೆ ಸರಿಯಾಗಿ ಬರುತ್ತಾ, ಮನೆಯಲ್ಲಿ ಜಗಳ ಹೆಚ್ಚಾಗಿದೆಯಾ? ಎಂಥ ಅಕ್ಕರೆಯ ಮನುಷ್ಯ ಅಂದುಕೊಂಡು ಇವನು ತಮ್ಮನನ್ನು ದಬ್ಬಿದ್ದನ್ನೂ ಹೇಳಿ ಅತ್ತಿದ್ದ. ಅವರು ಎಲ್ಲವನ್ನೂ ಬರೆದುಕೊಂಡು, ಸ್ವಲ್ಪ ತಾಳ್ಮೆ ಕಲಿಯಪ್ಪ ಎಂದು ಬೆನ್ನು ತಟ್ಟಿ, ಮತ್ತೆ ಅದೇ ಪಿಪಾಯಿಯ ಬಾಯಿಗೆ ಕಳಿಸಿದ್ದರು.

ಮರುದಿನವೇ ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ಕುರ್ಚಿ ಹಾಕಿದಳು, ನೀರು ತಂದಿಟ್ಟಳು.

"ಅದು ನನ್ ಗುಣ ಅಲ್ವಂತಮ್ಮಾ. ಆ ವಿಷಗಾಳೀದಂತೆ."

ಅವಳು ಗೋಡೆಯ ಮೇಲಿದ್ದ ಗಂಡನ ಫೋಟೋದ ಕಡೆ ತಿರುಗಿದಳು.

"ತಾನೇ ಏನೋ ತಪ್ಪು ಮಾಡಿರ್ಬೇಕು ಅಂತ ಅವ್ರು ಸಾಯೋವರ್ಗೂ ಕೊರಗಿದ್ರು, ಭಾವ. ನಾನು ನಿಮ್ಮನ್ನ ಶಪಿಸ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ. ಈಗ ಅದಕ್ಕೂ ದಾರಿ ಇಲ್ದಂಗೆ ಮಾಡಿದ್ರಿ."

ಕಾರ್ಖಾನೆ ಅಷ್ಟರಲ್ಲಿ ಕೈಬದಲಾಗಿತ್ತು. ಹಳೆಯ ಡಾಕ್ಟರು ಬರೆದಿಟ್ಟ ಕಡತ ಕೇಳಲು ಹೋದವನಿಗೆ, ಅದೆಲ್ಲ ನಮ್ಮ ಕಾಲದ್ದಲ್ಲ ಎಂದು ಗೇಟಿನಲ್ಲೇ ಹೇಳಿ ಕಳಿಸಿದರು. ಮೂರು ಸಲ ಹೋದ. ಮೂರನೆಯ ಸಲ ಗೇಟಿನವನ ಮೇಲೆ ಕೂಗಾಡಿ, ಬೆವರಿಕೊಂಡು ಮನೆಗೆ ಬಂದ. ಕೂಗಾಡಿದ್ದನ್ನು ಕೇಳಿ ಹೆಂಡತಿ ಬೀಸಣಿಗೆ ಹಿಡಿದು, ಪಾಪ, ಅದು ಆ ವಿಷಗಾಳಿಯ ಕೆಲಸ ಬಿಡಿ ಅಂದಳು.

"ಅಲ್ಲ ಕಣೇ," ಅಂದ ಅವನು. "ಈ ಸಿಟ್ಟು ನಂದೇ."