ಶಾಲು ಹೊದಿಸಿ ಹೊರಗಿಟ್ಟ ಬಗೆ

ಈ ಮಳೆಗಾಲವಿಡೀ ನಾನು ಓದಿದ್ದು ಯುದ್ಧ, ಕ್ರಾಂತಿಗಳ ಪುಸ್ತಕಗಳನ್ನೇ. ಒಂದು ಮಾತ್ರ ಮನಸ್ಸಿನಿಂದ ಇಳಿಯಲಿಲ್ಲ: ಕ್ರಾಂತಿಯಾದ ಮೇಲೆ ದೇಶ ಬಿಟ್ಟ ಶಿಕ್ಷಕಿಯೊಬ್ಬಳ ನೆನಪುಗಳು. ಪರದೇಶದಲ್ಲಿ ಎಲ್ಲರೂ ಆಕೆಗೆ ಒಳ್ಳೆಯ ಕುರ್ಚಿಯನ್ನೇ ಕೊಡುತ್ತಾರೆ. ಕೊಟ್ಟು, ಊರಿಗೆ ಯಾವಾಗ ಮರಳುತ್ತೀರಿ ಎಂದು ಅಕ್ಕರೆಯಿಂದ ಕೇಳುತ್ತಾರೆ.

ನಾನು ದೇಶ ಬಿಟ್ಟವನಲ್ಲ. ಮಗಳ ಮನೆಗೆ ಹತ್ತಿರವಾಗಲೆಂದು ಮೂರು ವರ್ಷದ ಹಿಂದೆ ಧಾರವಾಡ ಬಿಟ್ಟು ಹುಬ್ಬಳ್ಳಿಯ ಬೆಂಗೇರಿಗೆ ಬಂದವನು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಧಾರವಾಡದಲ್ಲಿ ನಾವು ಕೆಲವರು ಕೂಡಿ ಕಟ್ಟಿದ ಓದುಗರ ಬಳಗಕ್ಕೆ ಮಾತ್ರ ಪ್ರತಿ ತಿಂಗಳ ಎರಡನೆಯ ರವಿವಾರ ತಪ್ಪದೆ ಹೋಗುತ್ತೇನೆ. ಸದಸ್ಯರು ಸರದಿಯಂತೆ ತಾವು ಓದಿದ ಪುಸ್ತಕದ ಬಗ್ಗೆ ಮಾತನಾಡಬೇಕು. ಅವರಿಗೆ ಚಹಾ, ಚುರಮುರಿ. ಶಾಲು, ಹಣ್ಣು ಹೊರಗಿನ ಅತಿಥಿಗಳಿಗೆ ಮಾತ್ರ. ಈ ನಿಯಮ ಬರೆದವನು ನಾನೇ.

ಮನೆ ಬದಲಿಸಿದ ತಿಂಗಳೇ ಬಳಗದ ಕಾರ್ಯದರ್ಶಿಗಳು ಚಹಾ ಕೊಡುತ್ತ, "ಏನ್ರಿ ಹುಬ್ಬಳ್ಳಿಯವರ, ನಿಮಗ ಸಕ್ರಿ ಹೆಚ್ಚಿಗಿ ಬೇಕಾಗತೈತೇನ್ರಿ?" ಎಂದಿದ್ದರು. ಎಲ್ಲರೂ ನಕ್ಕರು. ಎಡದಿಂದ ಮೂರನೆಯವರು ಎರಡು ಸಲ ನಕ್ಕರು. ನಾನದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನೆನಪಿನಲ್ಲಿ ಇಟ್ಟುಕೊಂಡೆ, ಅಷ್ಟೆ.

ಹೋದ ತಿಂಗಳು ಸರದಿ ನನ್ನದು. ಹದಿನಾರು ಪುಟ ಟಿಪ್ಪಣಿ ಹಿಡಿದು, ಕಿಟಕಿಯ ಪಕ್ಕದ ನನ್ನ ಎಂದಿನ ಕುರ್ಚಿಯತ್ತ ನಡೆದೆ. ಕಾರ್ಯದರ್ಶಿಗಳು ಕೈ ಹಿಡಿದು ವೇದಿಕೆಗೆ ಒಯ್ದರು.

"ಇಲ್ಲಿ ಕೂಡ್ರಿ ಸರ್, ಅಷ್ಟು ದೂರದಿಂದ ಬಂದೀರಿ."

"ಎಲ್ಲಿ ದೂರ? ತಿಂಗಳಾ ತಿಂಗಳಾ ಬರ್ತೇನಲ್ರಿ."

"ಅದಕ್ಕ ಅಲ್ರೀ ಮತ್ತ! ಹೊರಗಿನವ್ರಿಗೆ ಇಷ್ಟು ಅಭಿಮಾನ ಎಲ್ಲಿರತೈತಿ?"

ಶಾಲು ಬಿತ್ತು. ಮೋಸಂಬಿ ಕೈಗೆ ಬಂತು. ಚಪ್ಪಾಳೆ.

ನಲವತ್ತು ನಿಮಿಷ ಆ ಶಿಕ್ಷಕಿಯ ಕುರಿತು ಮಾತನಾಡಿದೆ. ಎಷ್ಟು ವರ್ಷ ಕಳೆದರೂ ಆಕೆ ಆ ಪರದೇಶದವರಿಗೆ ಅತಿಥಿಯಾಗಿಯೇ ಉಳಿದಳು ಎಂದಾಗ ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಪಾಪ, ಎಂಥಾ ಮಂದಿರಿ ಅವ್ರು!" ಎಂದರು. ಅವರು ಕುಳಿತಿದ್ದದ್ದು ನನ್ನ ಕುರ್ಚಿಯಲ್ಲಿ.

ಕೊನೆಗೆ ಮುಂದಿನ ವರ್ಷದ ಸರದಿಯ ಪಟ್ಟಿ ಓದಿದರು. ನನ್ನ ಹೆಸರಿರಲಿಲ್ಲ. ಕೇಳಿದೆ.

"ಶಾಲು ಹೊದ್ದವ್ರನ್ನ ಸರದ್ಯಾಗ ಹ್ಯಾಂಗ ಹಾಕೂದ್ರಿ? ನಿಯಮ ಬರದವ್ರು ನೀವ ಅಲ್ರೀ?"

ಈ ತಿಂಗಳು ಸಭೆಗೆ ಒಂದು ತಾಸು ಮೊದಲೇ ಹೋದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಟವೆಲ್ ಬಿದ್ದ ಸೀಟಿನಲ್ಲಿ ಮರ್ಯಾದಸ್ಥರು ಕೂಡುವುದಿಲ್ಲ. ಸಭೆಯ ಕೋಣೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಹೊರಗೆ ನಿಂತು, ಕಿಟಕಿಯ ಸರಳುಗಳ ಸಂದಿಯಿಂದ ಆ ಶಾಲನ್ನು ನನ್ನ ಕುರ್ಚಿಯ ಮೇಲೆ ಎಸೆದೆ.

"ಇದೇನ್ರಿ ಸರ್, ಸನ್ಮಾನದ ಶಾಲು?" ಎಂದರು, ಆಮೇಲೆ ಬಂದು ಬಾಗಿಲು ತೆರೆದ ಕಾರ್ಯದರ್ಶಿಗಳು.

"ಸೀಟ್ ಹಿಡದೇನ್ರಿ."

ಅವರು ಬೇರೆ ಕುರ್ಚಿ ನೋಡಿಕೊಂಡರು. ನನ್ನ ಕೈಗೆ ಚುರಮುರಿ ಬಂತು. ಪಟ್ಟಿಗೆ ಹೆಸರು ಇನ್ನೂ ಸೇರಿಲ್ಲ. ಶಾಲನ್ನು ಒಗೆದು, ಇಸ್ತ್ರಿ ಮಾಡಿಸಿ, ಮುಂದಿನ ತಿಂಗಳಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ.