ಅವ್ವನ ಹಾಡಿನ ಎರಡನೇ ಸಾಲು

ನಮ್ಮದು ಸೋತವರ ಗುಂಪು. ಸರಕಾರಿ ನೌಕರರಿಗೆಂದು ಕೊಪ್ಪಳದಲ್ಲಿ ಹಾಡಿನ ಸ್ಪರ್ಧೆ ನಡೆದಾಗ ನಾವು ನಾಲ್ವರು ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಗೆದ್ದವರ ಹಾಡು ಕೂತು ಕೇಳುವಷ್ಟು ದೊಡ್ಡ ಮನಸ್ಸು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೊರಗಿನ ಚಹಾದಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತ, ತೀರ್ಪು ಕೊಟ್ಟವರ ಕಿವಿಯ ಬಗ್ಗೆ ಮನಸ್ಸು ಹಗುರಾಗುವಷ್ಟು ಮಾತಾಡಿ, ಫೋನ್ ನಂಬರ್ ತೆಗೆದುಕೊಂಡು ಎದ್ದೆವು. ಗಂಗಾವತಿಯ ನರ್ಸ್ ಒಬ್ಬಳು, ಕುಷ್ಟಗಿಯ ಹೈಸ್ಕೂಲಿನ ಹಿಂದಿ ಮಾಸ್ತರರು, ಯಲಬುರ್ಗಾದ ದನದ ದವಾಖಾನೆಯಲ್ಲಿ ಕೆಲಸ ಮಾಡುವವರೊಬ್ಬರು, ಕೊಪ್ಪಳದ ಕಚೇರಿಯೊಂದರಲ್ಲಿ ಫೈಲು ನೋಡುವ ನಾನು. ವಾಟ್ಸಾಪಿನಲ್ಲಿ ನಾಲ್ಕು ಮಂದಿಯ ಗುಂಪಾಯಿತು.

ಮೊದಮೊದಲು ಅದರಲ್ಲಿ ಹಾಡಿಗಿಂತ ಹೂವಿನ ಚಿತ್ರಗಳೇ ಹೆಚ್ಚು ಬರುತ್ತಿದ್ದವು. ಬೆಳಗಾದರೆ ಗುಲಾಬಿ, ಸಂಜೆಯಾದರೆ ದೀಪ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇನ್ನೊಂದು ಹೂವು ಬಂದರೆ ನಾನು ಗುಂಪು ಬಿಡುತ್ತೇನೆ ಎಂದು ಬರೆದೆ. ಮಾಸ್ತರರು ತಕ್ಷಣ ಮಾಫಿ ಕೇಳಿದರು, ಅದೂ ಒಂದು ಹೂವಿನ ಚಿತ್ರದ ಜೊತೆಗೆ.

ಈ ಸಲದ ಬೇಸಿಗೆಯಲ್ಲಿ ಒಂದು ವಾರ ಬಿಸಿಲು ತಲೆ ಮೇಲೆ ಬೆಂಕಿ ಸುರಿದಂತೆ ಹೊಡೆಯಿತು. ನಮ್ಮ ಕಡೆ ಬೇಸಿಗೆಗೆ ಕಚೇರಿಗಳು ಬೆಳಗಿನ ಪಾಳಿ. ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿ ಬಾಗಿಲು ಮುಂದೆ ಮಾಡಿ, ಕೂಲರಿಗೆ ನೀರು ಹೊಯ್ದು ಕೂತರೆ ಸಂಜೆಯವರೆಗೆ ಯಾರೂ ಹೊರಗೆ ಇಣುಕುವುದಿಲ್ಲ. ಆಗ ಮಾಸ್ತರರು ಒಂದು ಕಾಯಿದೆ ಮಾಡಿದರು. ಈ ವಾರವೆಲ್ಲ ದಿನಾ ಮಧ್ಯಾಹ್ನ ಒಬ್ಬರು ಒಂದು ಹಾಡು ಕಳಿಸಬೇಕು. ಎಲ್ಲಿಂದಲೋ ಬಂದದ್ದನ್ನು ಮುಂದೆ ತಳ್ಳಬಾರದು. ತಾವು ನಿಜವಾಗಿ ಕೇಳಿ ಖುಷಿಪಟ್ಟದ್ದೇ ಆಗಬೇಕು, ಯಾಕೆ ಖುಷಿಯಾಯಿತು ಎಂದು ಎರಡು ಮಾತು ಹೇಳಬೇಕು.

ವಾರ ಚೆನ್ನಾಗಿಯೇ ಶುರುವಾಯಿತು. ನರ್ಸ್ ತೆಲುಗಿನ ಹಳೆಯ ಸಿನಿಮಾ ಹಾಡೊಂದನ್ನು ಕಳಿಸಿ, ಡ್ಯೂಟಿ ಮುಗಿಸಿ ಬರುವಾಗ ಬಸ್ಸಿನಲ್ಲಿ ಇದು ಹತ್ತಿತು, ಕೇಳುತ್ತ ಕೂತು ಇಳಿಯುವ ಸ್ಟಾಪ್ ತಪ್ಪಿಸಿಕೊಂಡೆ ಎಂದಳು. ಮಾಸ್ತರರು ಗಜಲ್ ಕಳಿಸಿದರು. ಅದರ ಅರ್ಥವನ್ನೂ ಹೇಳಿದರು, ಅದು ಗಜಲಿಗಿಂತ ಉದ್ದವಾಗಿತ್ತು. ಯಲಬುರ್ಗಾದವರನ್ನು ನಾವು ಅಣ್ಣಾರು ಅನ್ನುತ್ತಿದ್ದೆವು, ಮಾತು ಕಡಿಮೆಯ ಮನುಷ್ಯ. ಏಕತಾರಿ ಹಿಡಿದ ಮುದುಕರೊಬ್ಬರ ತತ್ವಪದ ಕಳಿಸಿ, "ಛಲೋ ಐತಿ" ಎಂದಷ್ಟೇ ಬರೆದರು. ನನ್ನ ಸರದಿ ಬಂದಾಗ ನನ್ನ ಹತ್ತಿರ ಹಾಡಿರಲಿಲ್ಲ. ನಮ್ಮ ಮನೆಯಲ್ಲಿ ಆಗ ಕೇಳುತ್ತಿದ್ದದ್ದು ಒಂದೇ ಒಂದು ಸಾಲು.

ಅದು ಅವ್ವನದು. ಅವ್ವ ಇರುವುದು ಹಿಟ್ನಾಳದ ಹತ್ತಿರದ ನಮ್ಮೂರಿನಲ್ಲಿ, ಅಣ್ಣನ ಮನೆಯಲ್ಲಿ. ದವಾಖಾನೆಗೆ ಹತ್ತಿರವಾಗಲಿ ಎಂದು ಈ ಬೇಸಿಗೆಗೆ ನಾನು ಕೊಪ್ಪಳಕ್ಕೆ ಕರೆತಂದಿದ್ದೆ. ಹೋದ ವರ್ಷದಿಂದ ಅವಳ ನೆನಪು ಒಂದೊಂದಾಗಿ ಉದುರುತ್ತ ಬಂದಿತ್ತು. ಮೊದಲು ಮೊಮ್ಮಕ್ಕಳ ಹೆಸರು ಹೋದವು, ಆಮೇಲೆ ಅಣ್ಣನದು, ಆಮೇಲೆ ನನ್ನದು. ನಾನು ಊಟ ಹಾಕಿದರೆ "ಯಾರ ಮನ್ಯಾಕಿವ್ವಾ ನೀನು?" ಎಂದು ಮರ್ಯಾದೆಯಿಂದ ಕೇಳುತ್ತಿದ್ದಳು. ಬರಬರುತ್ತ ಅದನ್ನು ಕೇಳುವುದನ್ನೂ ಬಿಟ್ಟಳು. ಡಾಕ್ಟರು, ಹೋದದ್ದರ ಬೆನ್ನು ಹತ್ತಬೇಡಿ, ಅವರ ಹತ್ತಿರ ಏನು ಉಳಿದಿದೆಯೋ ಅದರಲ್ಲೇ ಮಾತಾಡಿಸಿ ಎಂದಿದ್ದರು.

ಉಳಿದದ್ದು ಆ ಸಾಲು. ಮಧ್ಯಾಹ್ನ ಕೂಲರಿನ ಮುಂದೆ ಚಾಪೆ ಹಾಸಿ ಕೂರಿಸಿದರೆ, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ, ಬಲಗೈಯನ್ನು ಗಾಳಿಯಲ್ಲಿ ನಿಧಾನವಾಗಿ ತಿರುಗಿಸುತ್ತ ಹಾಡುತ್ತಿದ್ದಳು:

"ಬೇವಿನ ನೆಳ್ಳಾಗ ಕುಂತಿದ್ದೆ ಬಿಸಿಲಾಗ…"

ಕಲ್ಲು ತಿರುಗಿಸುತ್ತ ಹಾಡುವ ಬೀಸುವ ಪದ ಎಂಬುದು ಆ ಕೈ ನೋಡಿದರೇ ತಿಳಿಯುತ್ತಿತ್ತು. ಸಾಲು ಮುಗಿದೊಡನೆ ನಿಲ್ಲುತ್ತಿದ್ದಳು. ನನ್ನ ಮುಖ ನೋಡುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ, ಮತ್ತೆ ಅದೇ ಸಾಲು. ಆ ನೋಟ ನನ್ನಿಂದ ತಡೆಯಲು ಆಗುತ್ತಿರಲಿಲ್ಲ. ಎರಡನೇ ಸಾಲು ಮರೆತಿದ್ದಾಳೆ, ನನ್ನನ್ನು ಕೇಳುತ್ತಿದ್ದಾಳೆ, ನನ್ನ ಹತ್ತಿರ ಅದಿಲ್ಲ ಎಂದುಕೊಳ್ಳುತ್ತಿದ್ದೆ. ಇರುವ ಒಂದು ಸಾಲೂ ಉದುರಿದರೆ ಅವ್ವನ ಹತ್ತಿರ ಹೋಗಲು ನನಗೆ ಬೇರೆ ದಾರಿಯೇ ಇರಲಿಲ್ಲ. ಎರಡನೆಯದು ಸಿಕ್ಕರೆ ಅದರ ಬೆನ್ನಿಗೆ ಮೂರನೆಯದು ಬಂದೀತು, ಅದರ ಬೆನ್ನಿಗೆ ಇನ್ನೇನಾದರೂ ಬಂದೀತು, ಯಾರಿಗೆ ಗೊತ್ತು, ನನ್ನ ಹೆಸರೂ ಬಂದೀತು ಎಂದು ನನ್ನ ಲೆಕ್ಕ.

ಹಾಗಾಗಿ ನನ್ನ ಸರದಿಯ ದಿನ ಹಾಡು ಕಳಿಸುವ ಬದಲು ಆ ಸಾಲನ್ನು ನಾನೇ ಹಾಡಿ ಗುಂಪಿಗೆ ಹಾಕಿದೆ. ಮುಂದಿನ ಸಾಲು ಯಾರಿಗಾದರೂ ಗೊತ್ತಿದೆಯೇ ಎಂದು ಕೇಳಿದೆ. ಯಾವ ಊರಿನ ಪದ ಎಂದು ನನಗೂ ತಿಳಿಯದು. ಅವ್ವ ಹುಟ್ಟಿದ್ದು ಕುಷ್ಟಗಿ ಕಡೆಯ ಹಳ್ಳಿಯಲ್ಲಿ, ಕೊಟ್ಟಿದ್ದು ಹಿಟ್ನಾಳದ ಕಡೆಗೆ, ನಾಟಿಯ ಕಾಲದಲ್ಲಿ ಕೂಲಿಗೆ ಹೋಗುತ್ತಿದ್ದದ್ದು ಗಂಗಾವತಿಯ ಗದ್ದೆಗಳಿಗೆ. ಎಲ್ಲಿಂದ ಬೇಕಾದರೂ ಹೊತ್ತು ತಂದಿರಬಹುದು.

ಅಂದಿನಿಂದ ಮೂವರೂ ತಮ್ಮ ಹಾಡುಗಳನ್ನು ಬಿಟ್ಟು ಅವ್ವನ ಹಾಡಿನ ಬೆನ್ನು ಬಿದ್ದರು. ನರ್ಸ್ ಮರಳಿ ಎಂಬ ತನ್ನ ತವರೂರಿಗೆ ಫೋನ್ ಮಾಡಿ, ನಾಟಿ ಹಚ್ಚುವ ಹೆಂಗಸರಿಂದ ಒಂದು ಸಾಲು ತರಿಸಿದಳು. ನೆರಳಿನಲ್ಲಿ ಕೂತವಳು ಎದ್ದು ಹೋಗಿ ಗದ್ದೆಯ ನೀರಿನಲ್ಲಿ ಮುಖ ನೋಡಿಕೊಳ್ಳುತ್ತಾಳೆ, ಅಂಥದ್ದು. ಬಹಳ ಚೆನ್ನಾಗಿತ್ತು. ಎರಡು ಮೂರು ಸಲ ಹೇಳಿಕೊಂಡು ರೂಢಿ ಮಾಡಿ ಅವ್ವನ ಎದುರು ಕೂತೆ. ಅವ್ವ ತನ್ನ ಸಾಲು ಮುಗಿಸಿ ನನ್ನತ್ತ ನೋಡಿದ್ದೇ ತಡ, ಗದ್ದೆಯ ನೀರಿನ ಸಾಲು ಎತ್ತಿದೆ. ಅವ್ವ ತಲೆ ಅಲ್ಲಾಡಿಸಿದಳು.

"ಅಲ್ಲ," ಅಂದಳು. ಮತ್ತೆ ಬೇವಿನ ನೆರಳಿಗೇ ಹೋದಳು.

ಆಕೆ "ಅಲ್ಲ" ಅಂದದ್ದಕ್ಕೇ ನನಗೆ ಹಿಗ್ಗಾಯಿತು. ಅಲ್ಲ ಅನ್ನಬೇಕಾದರೆ ಹೌದು ಯಾವುದು ಎಂಬುದು ಒಳಗೆಲ್ಲೋ ಇರಬೇಕಲ್ಲ. ಗುಂಪಿಗೆ ಈ ಸುದ್ದಿ ಹೇಳಿದಾಗ ಮಾಸ್ತರರಿಗೂ ಹುರುಪು ಬಂತು. ಮರುದಿನ ಅವರು ತಮ್ಮ ಅತ್ತೆಯ ಬಾಯಿಂದ ಬೇರೊಂದು ಸಾಲು ಕೇಳಿ ಕಳಿಸಿದರು. ಅದರಲ್ಲಿ ಬೇವಿನ ಕೆಳಗೆ ಕೂತವಳು ತವರಿನ ದಾರಿ ನೋಡುತ್ತಾಳೆ. ಅವ್ವ ಹುಟ್ಟಿದ್ದು ಕುಷ್ಟಗಿ ಸೀಮೆಯಾದ್ದರಿಂದ ಇದೇ ಖರೆ ಇರಬೇಕು, ಇದರಲ್ಲಿ ಸಂಶಯವೇ ಬೇಡ ಎಂದು ಅವರ ವಾದ. ಅದನ್ನೂ ಅವ್ವನ ಮುಂದೆ ಇಟ್ಟೆ. ಅದೂ ಅಲ್ಲ. ಮಾಸ್ತರರು ಸೋಲೊಪ್ಪದೆ ಇನ್ನಷ್ಟು ಸಾಲು ಕಳಿಸಿದರು. ಕೆಲವು ಅವರೇ ಕಟ್ಟಿದವು ಎಂದು ನನಗೆ ಈಗಲೂ ಅನುಮಾನ. ಒಂದರಲ್ಲಂತೂ ಬೇವಿನ ನೆರಳಲ್ಲಿ ಕೂತವಳು ವಿರಹದಲ್ಲಿ ನರಳುತ್ತಿದ್ದಳು, ಜೋಳ ಬೀಸುವ ಯಾವ ಹೆಂಗಸಿಗೂ ಅಷ್ಟು ಪುರಸೊತ್ತು ಇರಲಾರದು.

ನಾನು ಒಂದಾದ ಮೇಲೊಂದು ಸಾಲು ಒಡ್ಡುತ್ತ ಹೋದೆ. ಅವ್ವನ "ಅಲ್ಲ" ಮೊದಲು ಮೆತ್ತಗಿತ್ತು, ಆಮೇಲೆ ಬಿರುಸಾಯಿತು. ಒಂದು ಮಧ್ಯಾಹ್ನ ನಾನು ಬಾಯಿ ತೆರೆದದ್ದೇ ಆಕೆ ಮುಖ ತಿರುಗಿಸಿ ಗೋಡೆಯ ಕಡೆ ಕೂತುಬಿಟ್ಟಳು. ಕರೆಂಟು ಹೋಗಿ ಕೂಲರು ನಿಂತಿತ್ತು. ಬೆವರಿಗೆ ಸೀರೆ ಬೆನ್ನಿಗೆ ಅಂಟಿತ್ತು. ನನ್ನ ಸಹನೆ ಅಲ್ಲಿಗೆ ಮುಗಿಯಿತು.

"ಮತ್ತ ಯಾವುದದು ನೀನ ಹೇಳಿಬಿಡವ್ವಾ," ಅಂದೆ. "ನಾ ಎಲ್ಲಿಂದ ತರ್ಲಿ?"

ಅವ್ವ ಗೋಡೆಗೇ ಆ ಸಾಲು ಹಾಡಿ, ಗೋಡೆಯನ್ನೇ ನೋಡುತ್ತ ಕೂತಳು. ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹಾಡುಗಳ ಮೇಲೆ ಅಷ್ಟು ಪ್ರೀತಿ ಇರುವ ನಾಲ್ಕು ಮಂದಿ ಸೇರಿ ಒಬ್ಬ ಮುದುಕಿಗೆ ಒಂದು ಸಾಲು ಹುಡುಕಿಕೊಡಲು ಆಗದಿದ್ದರೆ ನಮ್ಮ ಗುಂಪು ಯಾತಕ್ಕೆ ಬೇಕು ಎಂದು ಅನಿಸಿತು. ಇನ್ನು ಸಾಕು, ನೀವು ನಿಮ್ಮ ನಿಮ್ಮ ಹಾಡು ಹಂಚಿಕೊಳ್ಳಿ ಎಂದು ಮೂವರಿಗೂ ಬರೆದೆ.

ಮರುದಿನ ಯಲಬುರ್ಗಾದ ಅಣ್ಣಾರು ಒಂದು ರೆಕಾರ್ಡಿಂಗ್ ಕಳಿಸಿದರು. ಅಷ್ಟು ದಿನ ಹುಡುಕಿದರೂ ಅವರಿಗೆ ಗುಂಪಿಗೆ ಹಾಕುವಂಥದ್ದು ಏನೂ ಸಿಕ್ಕಿರಲಿಲ್ಲ. ಅವ್ವನ ಪದ ತಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಆದರೆ ತಮ್ಮ ತಾಯಿ ಮತ್ತು ದೊಡ್ಡವ್ವನಿಗೆ ಬೀಸುವ ಪದ ಬೇರೆ ಕೆಲವು ಬರುತ್ತವೆ ಎಂದು ತಿಳಿಸಿದರು. ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆಸಿ, ಹಿಡಿ ಜೋಳ ಹಾಕಿ, ಇಬ್ಬರನ್ನೂ ಕೂರಿಸಿ ಹಾಡಿಸಿದ್ದರು. ನಿಮ್ಮವ್ವ ಕೇಳಲಿ, ಮನಸ್ಸಿಗೆ ಹಿತವಾದೀತು ಎಂದು ಅವರ ಆಸೆ. ಕೊನೆಗೆ ಒಂದು ಮಾತು ಸೇರಿಸಿದ್ದರು: "ನಡುವ ನಮ್ಮವ್ವಗ ಕೆಮ್ಮು ಬಂದು ಕೆಟ್ಟೈತ್ರಿ. ಸಂಜಿಕ ಮತ್ತೊಮ್ಮೆ ಹಾಡಿಸಿ ಕಳಸ್ತೇನ್ರಿ."

ಅವ್ವ ಮಲಗಿದ್ದಳು. ನಾನು ನೆಲದ ಮೇಲೆ ಉದ್ದಕ್ಕೆ ಬಿದ್ದುಕೊಂಡು, ಫೋನನ್ನು ಕಿವಿಯ ಹತ್ತಿರ ಇಟ್ಟು ಕೇಳತೊಡಗಿದೆ. ಕಲ್ಲಿನ ಗರಗರ ಸದ್ದು. ಅದರ ಮೇಲೆ ಒಂದು ದಪ್ಪ ದನಿ, ಅದು ದೊಡ್ಡವ್ವ ಇರಬೇಕು, ಸಾಲು ಎತ್ತುತ್ತಿತ್ತು. ತೆಳ್ಳನೆಯ ಇನ್ನೊಂದು ದನಿ ಅದೇ ಸಾಲನ್ನು ತಿರುಗಿ ಹೇಳುತ್ತಿತ್ತು. ಆಮೇಲೆ ಮುಂದಿನ ಸಾಲು, ಅದೂ ಎರಡು ಸಲ. ಹೇಳಿದ್ದನ್ನೇ ಹೇಳಿಕೊಂಡು ಇವರು ಯಾವಾಗ ಪದ ಮುಗಿಸುತ್ತಾರೋ ಎಂದು ನನಗೆ ಬೇಸರ ಬಂತು. ಎರಡನೆಯ ಸಲದ್ದನ್ನೆಲ್ಲ ಫೋನಿನಲ್ಲೇ ಕತ್ತರಿಸಿದರೆ ಹಾಡು ಚೊಕ್ಕಟವಾದೀತು ಎಂದುಕೊಂಡೆ.

ಅಷ್ಟರಲ್ಲಿ ಆ ಕೆಮ್ಮು ಬಂತು. ದೊಡ್ಡವ್ವ ಒಂದು ಸಾಲು ಎತ್ತಿ ಮುಗಿಸಿದ್ದಳು, ತಿರುಗಿ ಹೇಳಬೇಕಾದವಳಿಗೆ ಕೆಮ್ಮು ಹತ್ತಿತು. ದೊಡ್ಡವ್ವ ಮುಂದೆ ಹೋಗಲಿಲ್ಲ. ಬರೀ ಕಲ್ಲು ತಿರುಗುವ ಸದ್ದು. ಮತ್ತೆ ಅದೇ ಸಾಲು ಎತ್ತಿ, ನಿಲ್ಲಿಸಿದಳು. ಇನ್ನೂ ಕೆಮ್ಮು ನಿಂತಿರಲಿಲ್ಲ. ಕಾದು, ಮತ್ತೊಮ್ಮೆ ಅದೇ ಸಾಲು. ಕೊನೆಗೆ ತೆಳ್ಳನೆಯ ದನಿ ಕ್ಷೀಣವಾಗಿ ಅದನ್ನು ತಿರುಗಿ ಹೇಳಿತು. ಹೇಳಿದ್ದೇ ದೊಡ್ಡವ್ವ ಸರಾಗವಾಗಿ ಮುಂದಿನ ಸಾಲಿಗೆ ಹೋದಳು.

ನಾನು ಎದ್ದು ಕೂತೆ. ಅಷ್ಟನ್ನು ಮತ್ತೆ ಮತ್ತೆ ಹಾಕಿ ಕೇಳಿದೆ.

ನಮ್ಮ ಮನೆಯಲ್ಲಿ ಬೀಸುತ್ತಿದ್ದದ್ದೂ ಇಬ್ಬರೇ, ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ. ಒಂದೇ ಮನೆಗೆ ಸೊಸೆಯಾಗಿ ಬಂದು ಅಕ್ಕ ತಂಗಿ ಎಂದೇ ಕರೆದುಕೊಳ್ಳುತ್ತಿದ್ದ ಅವರಿಬ್ಬರೂ ನಸುಕಿನಲ್ಲಿ ಎದುರು ಬದುರು ಕೂತು, ಒಂದೇ ಗೂಟಕ್ಕೆ ಇಬ್ಬರ ಕೈ ಹಾಕಿ ಜೋಳ ಬೀಸುತ್ತಿದ್ದರು. ನಾನು ಶಾಲೆಗೆ ಹೋಗುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು. ಅದಕ್ಕೂ ಮುಂಚೆ ಕೌದಿಯೊಳಗೆ ಅರೆನಿದ್ದೆಯಲ್ಲಿ ನಾನು ಕೇಳಿದ್ದು ಒಂದೇ ದನಿ ಎಂದೇ ಇಷ್ಟು ವರ್ಷ ನಂಬಿದ್ದೆ. ಚಿಗವ್ವ ತೀರಿಕೊಂಡು ಬಹಳ ಕಾಲವಾಯಿತು.

ಅವ್ವ ಎರಡನೇ ಸಾಲು ಮರೆತೇ ಇರಲಿಲ್ಲ. ಅದನ್ನು ನಾವು ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ ಹುಡುಕುತ್ತಿದ್ದಾಗ ಅದು ಅವಳ ಬಾಯಲ್ಲೇ ಇತ್ತು. ಮೊದಲ ಸಾಲನ್ನು ಎದುರಿಗಿದ್ದವರು ತಿರುಗಿ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಅವಳು ಹೇಳಿದ್ದು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನಾನು ಹೇಳಿದ್ದೆ.

ಅವ್ವ ಎದ್ದ ಮೇಲೆ ಮುಖ ತೊಳೆಸಿ, ನೀರು ಕುಡಿಸಿ, ಚಾಪೆಯ ಮೇಲೆ ಕೂರಿಸಿದೆ. ನಾನು ಎದುರಿಗೆ ಕೂತೆ. ಗುಂಪಿನಲ್ಲಿ ಮಾಸ್ತರರು ಯಾವುದೋ ಹಾಡು ಕಳಿಸಿರಬೇಕು, ಫೋನು ಸದ್ದು ಮಾಡಿತು, ಅದನ್ನು ಬಂದ್ ಮಾಡಿಟ್ಟೆ. ಇದೂ ಅಲ್ಲ ಎಂದುಬಿಟ್ಟರೆ ಇನ್ನೇನೂ ಉಳಿಯುವುದಿಲ್ಲ ಎಂದು ಹೆದರಿಕೆ. ಅವ್ವನ ಕೈ ತಿರುಗತೊಡಗಿತು.

"ಬೇವಿನ ನೆಳ್ಳಾಗ ಕುಂತಿದ್ದೆ ಬಿಸಿಲಾಗ…"

ನಿಂತಳು. ನನ್ನನ್ನು ನೋಡಿದಳು.

"ಬೇವಿನ ನೆಳ್ಳಾಗ ಕುಂತಿದ್ದೆ ಬಿಸಿಲಾಗ," ಅಂದೆ, ಅವಳು ಅಂದಂತೆಯೇ.

ಅವ್ವ ತಲೆ ಅಲ್ಲಾಡಿಸಲಿಲ್ಲ. ಕೈ ನಿಲ್ಲಲಿಲ್ಲ. ಯಾವ ಕಷ್ಟವೂ ಇಲ್ಲದೆ, ನಿನ್ನೆಯಷ್ಟೇ ಹಾಡಿ ಬಿಟ್ಟವಳಂತೆ ಮುಂದಕ್ಕೆ ಹೋದಳು.

"ಬಾಯಾರಿ ಬಂದವಗ ನೀರ ಕೊಟ್ಟೆ…"

ನಾನು ಅದನ್ನೂ ತಿರುಗಿ ಹೇಳಿದೆ. ಅವ್ವ ಹಾಡು ನಿಲ್ಲಿಸಿ, ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ತಿಂಗಳುಗಳ ಮೇಲೆ ಆ ಕಣ್ಣಲ್ಲಿ ಗುರುತು ಕಂಡಿತು. ನನ್ನ ಹೆಸರು ಬರುತ್ತದೆ ಎಂದು ಕಾದೆ.

"ಎಲ್ಲಿ ಹೋಗಿದ್ದೀ ತಂಗಿ ಇಷ್ಟೊತ್ತನಕ?" ಅಂದಳು. "ಒಬ್ಬಾಕಿನ ಎಷ್ಟಂತ ಬೀಸ್ಲಿ?"

ನಾನು ಚಿಗವ್ವ ಅಲ್ಲ, ನಿನ್ನ ಮಗಳು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಅವಳು ಅಷ್ಟು ದಿನ ಕಾದದ್ದು ಮಗಳಿಗಾಗಿ ಅಲ್ಲ. ಕಾದು ಕಾದು ದಣಿದಿದ್ದಳು, ಈಗ ಮುಖದ ಮೇಲೆ ನಗು ಇತ್ತು. ನಾನು ಕೈ ಚಾಚಿ, ತಿರುಗುತ್ತಿದ್ದ ಅವಳ ಕೈಯ ಮೇಲಿಟ್ಟೆ.

"ಬಂದೀನಲ್ಲ ಅಕ್ಕಾ," ಅಂದೆ. "ಮುಂದಿಂದು ಹೇಳು."

ಅವ್ವ ಮುಂದಿನ ಸಾಲು ಎತ್ತಿದಳು.