ಚಿತ್ರಾನ್ನದ ನವಿಲು

ಪುಟ್ಟಮ್ಮ, ಆ ನವಿಲು ನಿಮ್ಮದು. ನನ್ನದೆಂದು ಹೆಸರು ಹಾಕಿಕೊಂಡವನು ನಾನು — ತಿಳಿದೂ ತಿಳಿದೂ ಹಾಕಿಕೊಂಡೆ.

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನೀವು ಕ್ಯಾಂಟೀನಿನ ಅಡುಗೆಯವರು, ನಾನು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಆ ವರ್ಷದ ಆಯುಧಪೂಜೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ! ಲೇತ್ ಯಂತ್ರಗಳಿಗೆಲ್ಲ ಕುಂಕುಮ, ಚೆಂಡುಹೂವು — ನಡುವೆ ಮೇಜಿನ ಮೇಲೆ ನಿಮ್ಮ ದೊಡ್ಡ ಹರಿವಾಣ. ಚಿತ್ರಾನ್ನದ ಮೈ, ಸೌತೆಕಾಯಿ ಬಿಲ್ಲೆಯ ಗರಿ, ಒಂದೊಂದು ಗರಿಗೂ ಬೀಟ್‌ರೂಟಿನ ಕಣ್ಣು, ಒಣಮೆಣಸಿನಕಾಯಿಯ ಕೊಕ್ಕು. ಹಸಿದು ಬಂದವರೆಲ್ಲ ಕೈ ಹಾಕದೆ ನಿಂತುಬಿಟ್ಟರು. ನಾನಂತೂ ಓಡಿಹೋಗಿ ಟ್ರೇಸಿಂಗ್ ಹಾಳೆ ತಂದೆ. ಯಾರಾದರೂ ತಿನ್ನುವ ಮೊದಲು ಗೆರೆಗೆ ಗೆರೆ ಇಳಿಸಿಬಿಡಬೇಕು — ಅಂಥ ಹುಚ್ಚು ಖುಷಿ.

ನಮ್ಮ ನಕ್ಷೆಗಳ ಮೂಲೆಯಲ್ಲಿ ಎರಡು ಚೌಕಗಳಿರುತ್ತವೆ: ವಿನ್ಯಾಸ ಯಾರದು, ಬರೆದವರು ಯಾರು. ಎರಡನೆಯದರಲ್ಲಿ ನನ್ನ ಹೆಸರು ಬರೆದೆ. ಮೊದಲನೆಯದಕ್ಕೆ ಬಂದಾಗ ಪೆನ್ನು ನಿಂತಿತು... ಅಡುಗೆಗೆಂಥ ವಿನ್ಯಾಸ ಅಂದುಕೊಂಡು ಅಲ್ಲೂ ನನ್ನ ಹೆಸರನ್ನೇ ಬರೆದೆ.

ಕಂಪನಿಯವರು ಅದನ್ನು ಹೊಸ ವರ್ಷದ ಕಾರ್ಡಿಗೆ ಅಚ್ಚು ಹಾಕಿಸಿದರು. ತಿಂದು ಮುಗಿಯುವ ಅಡುಗೆಗೆ ಕಾಪಿರೈಟ್ ಸಿಗದು, ಕಾಗದದ ಮೇಲಿನ ಚಿತ್ರಕ್ಕೆ ಸಿಗುತ್ತದೆ ಎಂದು ಕಂಪನಿಯ ವಕೀಲರು ನನ್ನ ಹೆಸರಿನಲ್ಲೇ ನೋಂದಾಯಿಸಿದರು. ನಾನು ಕಾರ್ಡು ಹಿಡಿದು ಊರೆಲ್ಲ ತೋರಿಸಿ ಬಂದೆ.

ಆಮೇಲೆ ಒಂದು ದಿನ ನೀವು ನನ್ನ ಮೇಜಿನ ಬಳಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿರಿ. ನವಿಲಿನ ಹಕ್ಕು ನನ್ನದೆಂದು ಯಾರೋ ನಿಮಗೆ ಹೇಳಿದ್ದರು.

“ಸಾರ್, ಮಗಳ ಮದ್ವೆ ಐತೆ. ಆ ನವಿಲು ಮಾಡ್ಲಾ? ನೀವು ಊಂ ಅಂದ್ರೆ ಮಾತ್ರ.”

“ಮಾಡ್ಕೊಳ್ಳಿ, ಪರವಾಗಿಲ್ಲ,” ಅಂದೆ.

ನೀವು ಕೈ ಮುಗಿದಿರಿ. ನಾನು — ಹೇಳಲು ನಾಚಿಕೆಯಾಗುತ್ತದೆ — ದೊಡ್ಡ ಮನಸ್ಸು ಮಾಡಿದೆನೆಂದು ಬೀಗಿದೆ. ನಿಮ್ಮ ಕೈಯಿಂದಲೇ ಹುಟ್ಟಿದ್ದಕ್ಕೆ ನೀವು ನನ್ನ ಅಪ್ಪಣೆ ಕೇಳಿದಿರಿ, ನಾನು ಕೊಟ್ಟೆ.

ಇವತ್ತು ಆ ಹಾಳೆ ಹೊರತೆಗೆದೆ. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಹೆರೆದು ತೆಗೆಯುವುದು ನಮ್ಮ ಕಸುಬಿನ ರೂಢಿ. ಮೊದಲ ಚೌಕದ ನನ್ನ ಹೆಸರನ್ನು ಹೆರೆದೆ. ಎಷ್ಟೋ ವರ್ಷಗಳ ಮೇಲೆ ಅದೇ ಹಳೆಯ ಖುಷಿ. ನಿಮ್ಮ ಹೆಸರು ಬರೆಯಲು ಹೊರಟೆ — ಪುಟ್ಟಮ್ಮ... ಮುಂದೆ? ಇನಿಷಿಯಲ್ ಗೊತ್ತಿಲ್ಲ. ಒಂದು ದಿನವೂ ಕೇಳಿರಲಿಲ್ಲ.

ಬೆಳಿಗ್ಗೆ ದಾಸರಹಳ್ಳಿಗೆ, ನಿಮ್ಮ ಮನೆಗೆ ಬರುತ್ತೇನೆ. ಚೌಕ ಖಾಲಿ ಇದೆ. ನಿಮ್ಮ ಪೂರ್ತಿ ಹೆಸರನ್ನು ನೀವೇ ಹೇಳಬೇಕು.